ಹಸುಗೂಸಿಗೆ ನಂಜಿಲ್ಲ ಎಂದು ಹೇಳುವವರು ಯಾರು?

ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತರುವ ರೈತರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಮೊಟ್ಟೆಯಲ್ಲೇ ರೋಗವಿದ್ದರೆ ಎಷ್ಟು ಸೊಪ್ಪು ಹಾಕಿದರೂ ಬೆಳೆ ಕೈಗೆ ಬರುವುದಿಲ್ಲ. ಅದಕ್ಕೇ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುತ್ತಾರೆ. ಕಾಣದಿದ್ದರೆ ‘ರೋಗರಹಿತ’ ಎಂಬ ಖಾತರಿಯೊಂದಿಗೆ ಅವು ರೈತನ ಮನೆ ಸೇರುತ್ತವೆ. ಈ ವಿಧಾನ ಕಂಡುಕೊಟ್ಟವನು ಲೂಯಿ ಪಾಸ್ಚರ್. ಫ್ರಾನ್ಸಿನ ರೇಷ್ಮೆ ಕೃಷಿ ನೆಲಕಚ್ಚುತ್ತಿದ್ದ ಕಾಲದಲ್ಲಿ, 1865ರಲ್ಲಿ, ಅವನು ಹುಳುವಿನ ರೋಗದ ಬೆನ್ನು ಹತ್ತಿದ. ಅದೇ ಪಾಸ್ಚರ್ 1879ರಲ್ಲಿ ಪ್ಯಾರಿಸ್ಸಿನ ವೈದ್ಯರ ಸಭೆಯೊಂದರಲ್ಲಿ ಎದ್ದು ನಿಂತು, ಬಾಣಂತಿಯರನ್ನು ಕೊಲ್ಲುತ್ತಿದ್ದ ನಂಜಿನ ಸೂಕ್ಷ್ಮಜೀವಿ ಹೀಗಿರುತ್ತದೆ ಎಂದು ಕರಿಹಲಗೆಯ ಮೇಲೆ ಸರಪಳಿಯಂಥ ಚಿತ್ರ ಬರೆದು ತೋರಿಸಿದ.

ಹುಳುವಿನ ಪರೀಕ್ಷೆ ನಮ್ಮ ಬಯಲುಸೀಮೆಯ ಬದುಕಿನ ಭಾಗವೇ ಆಯಿತು. ಪರೀಕ್ಷಿಸದ ಮೊಟ್ಟೆ ಮಾರಬಾರದೆಂದು ರಾಜ್ಯದಲ್ಲಿ 1959ರಿಂದಲೇ ರೇಷ್ಮೆ ಬಿತ್ತನೆಗೆ ಕಾಯ್ದೆಯ ಕಾವಲಿದೆ. ಬಾಣಂತಿಯ ಮಗ್ಗುಲಲ್ಲಿ ಮಲಗಿದ ಹಸುಗೂಸಿನ ರಕ್ತದಲ್ಲಿ ನಂಜಿದೆಯೇ ಎಂದು ಹೇಳುವ ಪರೀಕ್ಷೆ ಮಾತ್ರ ಇನ್ನೂ ಹೋಬಳಿಗೆ ಇಳಿದಿಲ್ಲ.

ಗೌರಿಬಿದನೂರು ತಾಲ್ಲೂಕಿನ ನಗರಗೆರೆಯನ್ನೇ ತೆಗೆದುಕೊಳ್ಳೋಣ. ಆಂಧ್ರದ ಗಡಿಗೆ ಅಂಟಿಕೊಂಡ ಹೋಬಳಿ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹೆರಿಗೆಗಳು ಈಗ ಮನೆಯಲ್ಲಿ ಆಗುವುದು ಅಪರೂಪ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ಎರಡು ದಿನ ಕಳೆದರೆ ‘ನಗು-ಮಗು’ ವಾಹನದಲ್ಲಿ ತಾಯಿ, ಮಗು ಮನೆಗೆ. ಅಪಾಯದ ದಿನಗಳು ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕನೆಯದೋ ಐದನೆಯದೋ ದಿನ ಮಗು ಮೊಲೆ ಚೀಪುವುದನ್ನು ಕಡಿಮೆ ಮಾಡುತ್ತದೆ, ಅಳು ಕುಗ್ಗುತ್ತದೆ, ಕೈಕಾಲು ಸಡಿಲವಾಗುತ್ತವೆ. ನಿದ್ದೆ ಜಾಸ್ತಿ ಎಂದು ಒಬ್ಬರು, ದೃಷ್ಟಿಯಾಗಿದೆ ಎಂದು ಇನ್ನೊಬ್ಬರು, ಬಾಲಗ್ರಹ ಎಂದು ಮತ್ತೊಬ್ಬರು ಹೇಳುತ್ತಾರೆ. ಅಷ್ಟರಲ್ಲಿ ಕತ್ತಲಾಗಿರುತ್ತದೆ.

ಅಜ್ಜಿಯರ ಅಜ್ಞಾನವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ದೊಡ್ಡ ಆಸ್ಪತ್ರೆಯ ಮಕ್ಕಳ ವೈದ್ಯರಿಗೂ ಇದೇ ಪೇಚು. ದೊಡ್ಡವರಿಗೆ ಸೋಂಕು ತಗಲಿದರೆ ಜ್ವರ ಬರುತ್ತದೆ. ಹಸುಗೂಸಿಗೆ ಜ್ವರವೂ ಬರಬಹುದು, ಮೈ ತಣ್ಣಗೂ ಆಗಬಹುದು, ಎರಡೂ ಆಗದೆಯೂ ಇರಬಹುದು. ಹಾಲು ಕುಡಿಯದಿರುವುದು, ಮಂಕಾಗುವುದು, ಉಸಿರು ಜೋರಾಗುವುದು ನಂಜಿನ ಲಕ್ಷಣ ಹೌದು. ರಕ್ತದಲ್ಲಿ ಸಕ್ಕರೆ ಇಳಿದರೂ, ಹುಟ್ಟುವಾಗ ಉಸಿರುಗಟ್ಟಿದ್ದರೂ, ದಿನ ತುಂಬದೆ ಹುಟ್ಟಿದರೂ, ಹೃದಯದಲ್ಲಿ ದೋಷವಿದ್ದರೂ, ಚಳಿಗೆ ಮೈ ತೆರೆದಿಟ್ಟರೂ ಇವೇ ಲಕ್ಷಣಗಳು. ಕಾದು ನೋಡೋಣ ಎನ್ನಲು ಸಮಯವೂ ಇಲ್ಲ, ಏಕೆಂದರೆ ಬೆಳಗ್ಗೆ ಮಂಕಾದ ಮಗು ರಾತ್ರಿಯೊಳಗೆ ಕೈಬಿಟ್ಟುಹೋಗಬಹುದು. 2022ರಲ್ಲಿ ಜಗತ್ತಿನಾದ್ಯಂತ ಹುಟ್ಟಿದ 28 ದಿನಗಳೊಳಗೆ ತೀರಿಕೊಂಡ ಮಕ್ಕಳು ಸುಮಾರು 23 ಲಕ್ಷ. ಆ ಸಾವುಗಳ ಮುಖ್ಯ ಕಾರಣಗಳ ಪಟ್ಟಿಯಲ್ಲಿ ಅವಧಿಪೂರ್ವ ಜನನ ಮತ್ತು ಹೆರಿಗೆಯ ವೇಳೆಯ ಉಸಿರುಕಟ್ಟುವಿಕೆಯ ಜೊತೆಗೆ ಸೋಂಕೂ ಇದೆ. ಭಾರತದಲ್ಲಿ 2020ರಲ್ಲಿ ಪ್ರತಿ ಸಾವಿರ ಜನನಕ್ಕೆ 20 ನವಜಾತ ಶಿಶುಗಳು ಸತ್ತವು. ಕರ್ನಾಟಕದಲ್ಲಿ ಈ ಸಂಖ್ಯೆ 14. ಹಿಂದಿನದಕ್ಕೆ ಹೋಲಿಸಿದರೆ ಇದು ಸಾಧನೆಯೇ. ಇಲ್ಲಿಂದ ಕೆಳಗಿಳಿಯುವ ದಾರಿ ಮಾತ್ರ ಕಡಿದು.

ಕಡಿದಾಗಲು ಕಾರಣ, ‘ರೋಗ ಪತ್ತೆ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಕೆಲಸದೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ಮೊದಲನೆಯದು, ಈ ಮಗುವನ್ನು ಈಗಲೇ ಆಸ್ಪತ್ರೆಗೆ ಒಯ್ಯಬೇಕೇ? ಎರಡನೆಯದು, ಒಯ್ದ ಮೇಲೆ, ಇದಕ್ಕಿರುವುದು ನಿಜವಾಗಿ ನಂಜೇ, ಆಗಿದ್ದರೆ ಯಾವ ಔಷಧ, ಆಗಿರದಿದ್ದರೆ ಔಷಧ ಯಾವಾಗ ನಿಲ್ಲಿಸಬೇಕು? ಮೊದಲ ಪ್ರಶ್ನೆಯಲ್ಲಿ ಹತ್ತು ಸಲ ಸುಳ್ಳು ಎಚ್ಚರಿಕೆ ಕೊಟ್ಟರೂ ಅಡ್ಡಿಯಿಲ್ಲ, ಒಂದು ಸಲವೂ ತಪ್ಪಿಸಿಕೊಳ್ಳಬಾರದು. ಎರಡನೆಯದಕ್ಕೆ ಸುಳ್ಳು ಎಚ್ಚರಿಕೆಯೇ ದೊಡ್ಡ ಶತ್ರು. ಬಡ ದೇಶಗಳು ಕಳೆದ ಮೂವತ್ತು ವರ್ಷಗಳಲ್ಲಿ ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಕಂಡುಕೊಂಡವು. ಎರಡನೆಯದನ್ನು ಕೈಬಿಟ್ಟವು. ನಂಜಿದೆ ಎಂದು ಶಂಕಿಸಲು ನಮ್ಮಲ್ಲಿ ಜನರಿದ್ದಾರೆ. ನಂಜಿಲ್ಲ ಎಂದು ಧೈರ್ಯವಾಗಿ ಹೇಳಲು ಸಾಧನವಿಲ್ಲ.

ಮೊದಲ ಪ್ರಶ್ನೆಯ ಉತ್ತರ ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಅಲ್ಲಿನ 39 ಹಳ್ಳಿಗಳಲ್ಲಿ, ಅಲ್ಪಸ್ವಲ್ಪ ಓದಿದ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ಅವರು ಮನೆಮನೆಗೆ ಹೋಗಿ ಕೂಸನ್ನು ನೋಡಿದರು: ಚೀಪುವುದು ಕಡಿಮೆಯಾಗಿದೆಯೇ, ಅಳು ಕ್ಷೀಣಿಸಿದೆಯೇ, ಕೈಕಾಲು ಜೋಲುಬಿದ್ದಿವೆಯೇ, ಹೊಟ್ಟೆ ಉಬ್ಬಿದೆಯೇ, ಪದೇ ಪದೇ ವಾಂತಿಯೇ, ಉಸಿರೆಳೆದಾಗ ಎದೆಗೂಡು ಒಳಕ್ಕೆ ಹೋಗುತ್ತಿದೆಯೇ, ಮೈ ತಣ್ಣಗಿದೆಯೇ, ಹೊಕ್ಕುಳಲ್ಲಿ ಕೀವಿದೆಯೇ. ಇಂಥ ಲಕ್ಷಣಗಳು ಒಟ್ಟಿಗೆ ಕಂಡರೆ ನಂಜೆಂದು ತಿಳಿದು, ಮನೆಯವರ ಒಪ್ಪಿಗೆ ಪಡೆದು, ತಾವೇ ಜೆಂಟಾಮೈಸಿನ್ ಚುಚ್ಚುಮದ್ದು ಕೊಟ್ಟು ಬಾಯಿಗೆ ಔಷಧ ಹಾಕಿದರು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಾವಿರಕ್ಕೆ 62ರಷ್ಟಿದ್ದ ನವಜಾತ ಶಿಶು ಮರಣ ಸುಮಾರು 25ಕ್ಕೆ ಇಳಿದಿತ್ತು. ನಂಜು ತಗಲಿದ ಮಕ್ಕಳಲ್ಲಿ ಸಾಯುವವರ ಪ್ರಮಾಣ ಶೇ 16.6ರಿಂದ ಶೇ 2.8ಕ್ಕೆ ಬಂದಿತ್ತು. ಹೋಲಿಕೆಗಾಗಿ ನೋಡಿದ ಸುತ್ತಲಿನ 47 ಹಳ್ಳಿಗಳಲ್ಲಿ ಅಂಥ ಬದಲಾವಣೆ ಆಗಿರಲಿಲ್ಲ. ಪ್ರಯೋಗಾಲಯವಿಲ್ಲ, ಯಂತ್ರವಿಲ್ಲ, ವೈದ್ಯರಿಲ್ಲ. ಕಣ್ಣು, ಕೈ, ಗಡಿಯಾರ, ಥರ್ಮಾಮೀಟರ್ ಮತ್ತು ಒಂದು ಸಿರಿಂಜು.

ಆ ಕೆಲಸ 2011ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಗಿ ನಮ್ಮ ಆಶಾ ಕಾರ್ಯಕರ್ತೆಯರ ಚೀಲ ಸೇರಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಯಲ್ಲಿ ನೋಡಬೇಕು. ಇಷ್ಟೂ ಭೇಟಿ ಮುಗಿಸಿದರೆ ಆಕೆಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಚೀಲದಲ್ಲಿ ತೂಕದ ತಕ್ಕಡಿ, ಥರ್ಮಾಮೀಟರ್, ಗಡಿಯಾರ ಇರಬೇಕು. ಗಡಚಿರೋಲಿಯ ಹೆಂಗಸರು ಚುಚ್ಚುಮದ್ದು ಕೊಡುತ್ತಿದ್ದರು, ಆಶಾಗೆ ಆ ಅಧಿಕಾರ ಕೊಡಲಿಲ್ಲ. 2014ರ ಕೇಂದ್ರ ಮಾರ್ಗಸೂಚಿ ಆ ಕೆಲಸವನ್ನು ದಾದಿಗೆ (ಎಎನ್‌ಎಂ) ವಹಿಸಿತು. ಆಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸ್ ಜೆಂಟಾಮೈಸಿನ್ ಮತ್ತು ಅಮಾಕ್ಸಿಸಿಲಿನ್ ಆಕೆ ಕೊಡಬಹುದು. ಮನೆಯವರು ಆಸ್ಪತ್ರೆಗೆ ಒಯ್ಯಲು ಸುತರಾಂ ಒಪ್ಪದಿದ್ದರೆ ಪೂರ್ತಿ ಕೋರ್ಸನ್ನೂ ಕೊಡಬಹುದು.

ಈ ಲಕ್ಷಣಗಳನ್ನು ನೋಡುವುದರಲ್ಲೂ ಹದವಿದೆ. ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯ. ಆದರೆ ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಮೋಸ ಹೋಗುತ್ತೇವೆ, ಏಕೆಂದರೆ ಹಸುಗೂಸಿನ ಉಸಿರು ಒಂದಷ್ಟು ಹೊತ್ತು ಓಡಿ ಮತ್ತಷ್ಟು ಹೊತ್ತು ನಿಧಾನವಾಗುತ್ತದೆ. ಮಗು ಅಳದಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಬೇಕು. ಥರ್ಮಾಮೀಟರ್ ಕಂಕುಳಲ್ಲಿ ಇಡಬೇಕು. 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಜ್ವರ, 35.5ಕ್ಕಿಂತ ಕೆಳಗಿಳಿದರೂ ಅಷ್ಟೇ ಅಪಾಯ. ಮೈ ತಣ್ಣಗಾದದ್ದು ಕಾಯಿಲೆ ಎಂದು ನಮ್ಮ ಮನೆಗಳಲ್ಲಿ ಬೇಗ ಹೊಳೆಯುವುದಿಲ್ಲ. ಮಗುವಿನ ಮೈ ತಣಿದರೆ ಸದ್ದು ಮಾಡಿ ಎಚ್ಚರಿಸುವ ‘ಬೆಂಪು’ ಎಂಬ ಕೈಕಡಗ ಬೆಂಗಳೂರಿನಲ್ಲೇ ರೂಪುಗೊಂಡದ್ದು ಈ ಕಾರಣಕ್ಕೇ.

ನಗರಗೆರೆಯಂಥ ಗಡಿ ಹೋಬಳಿಯಲ್ಲಿ ಮೊದಲ ಪ್ರಶ್ನೆಗೆ ಇನ್ನೊಂದು ತೊಡಕಿದೆ. ಅದು ವೈದ್ಯಕೀಯದ್ದಲ್ಲ, ನೆಂಟಸ್ತನದ್ದು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆನ್ನುವುದು ನಮ್ಮ ಕಡೆಯ ರೂಢಿ. ತವರು ಗಡಿಯಾಚೆಯ ಹಿಂದೂಪುರದ ಸುತ್ತಲ ಹಳ್ಳಿಯಾಗಿರಬಹುದು. ಅಲ್ಲಿಯ ಹುಡುಗಿ ಇಲ್ಲಿಗೆ ಸೊಸೆಯಾಗಿ ಬಂದಿರಬಹುದು, ಇಲ್ಲಿಯವಳು ಅಲ್ಲಿಗೆ ಹೋಗಿರಬಹುದು. ಗರ್ಭಿಣಿಯಾಗಿದ್ದಾಗ ಹೆಸರು ಬರೆದುಕೊಂಡ ಆಶಾ ಒಬ್ಬಳು, ಬಾಣಂತಿ ಮಲಗಿರುವ ಊರಿನ ಆಶಾ ಇನ್ನೊಬ್ಬಳು. ತಾಯಿ ಕಾರ್ಡ್ ಒಂದು ರಾಜ್ಯದ್ದು, ಮಗು ಇನ್ನೊಂದು ರಾಜ್ಯದಲ್ಲಿ. ಮೂರನೇ ದಿನದ ಭೇಟಿ ಯಾರ ಪುಸ್ತಕಕ್ಕೂ ಸೇರದೆ ಹೋಗುವ ಅಪಾಯ ಇಲ್ಲಿದೆ. ನಂಜು ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಈ ಮೊದಲ ವಾರದಲ್ಲಿ. ಹೆರಿಗೆಯಾದ ಆಸ್ಪತ್ರೆ ಮನೆಗೆ ಕಳಿಸುವಾಗಲೇ ‘ಯಾವ ಊರಿಗೆ ಹೋಗುತ್ತೀರಿ’ ಎಂದು ಕೇಳಿ ಆ ಊರಿನ ಆಶಾಗೆ ಒಂದು ಫೋನ್ ಮಾಡಿದರೆ ತೊಡಕು ಬಹುಪಾಲು ಬಿಡಿಸಿದಂತೆ. ರೋಗಪತ್ತೆಯ ಸುಧಾರಣೆ ಎಂದರೆ ಕೆಲವೊಮ್ಮೆ ಇಷ್ಟೇ.

ಇನ್ನು ಲಕ್ಷಣಗಳ ಮಿತಿ. 2008ರಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ, ಆಸ್ಪತ್ರೆಗೆ ತಂದ ಎಳೆಯ ಮಕ್ಕಳನ್ನು ನೋಡಿ ಮಾಡಿದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಏಳು ಸರಳ ಲಕ್ಷಣಗಳಲ್ಲಿ ಒಂದಾದರೂ ಇದ್ದರೆ ‘ತೀವ್ರ ಕಾಯಿಲೆ’ ಎನ್ನುವ ಸೂತ್ರ, ಮೊದಲ ವಾರದ ಮಕ್ಕಳಲ್ಲಿ ನಿಜವಾಗಿ ತೀವ್ರ ಕಾಯಿಲೆಯಿದ್ದವರ ಪೈಕಿ ಶೇ 85ರಷ್ಟು ಜನರನ್ನು ಹಿಡಿಯಿತು. ಕಾಯಿಲೆಯಿಲ್ಲದವರಲ್ಲಿ ಶೇ 75ರಷ್ಟನ್ನು ಸರಿಯಾಗಿ ಬಿಟ್ಟುಬಿಟ್ಟಿತು. ಒಂದು ಲೆಕ್ಕ ಹಾಕೋಣ. ಮಂಕಾಗಿದೆಯೆಂದು 100 ಕೂಸುಗಳನ್ನು ತಂದರು, ಅದರಲ್ಲಿ 10ಕ್ಕೆ ನಿಜಕ್ಕೂ ತೀವ್ರ ಕಾಯಿಲೆ ಎಂದುಕೊಳ್ಳಿ. ಸೂತ್ರ ಆ ಹತ್ತರಲ್ಲಿ ಎಂಟೋ ಒಂಬತ್ತೋ ಹಿಡಿಯುತ್ತದೆ. ಉಳಿದ 90ರಲ್ಲಿ 22 ಕೂಸುಗಳ ಮೇಲೂ ಬೆರಳು ತೋರಿಸುತ್ತದೆ. ಅಂದರೆ ಆಸ್ಪತ್ರೆಗೆ ಹೊರಟ ಸುಮಾರು 30 ಮಕ್ಕಳಲ್ಲಿ ನಿಜವಾದವು ಎಂಟೊಂಬತ್ತು. ಮೊದಲ ಪ್ರಶ್ನೆಗೆ ಇದು ಒಳ್ಳೆಯ ಉತ್ತರ: 108 ಆಂಬುಲೆನ್ಸ್ ಬರಲಿ, 30 ಮಕ್ಕಳೂ ಹೋಗಲಿ. ಆದರೆ ಆಸ್ಪತ್ರೆಯಲ್ಲೂ ಇದೇ ಸೂತ್ರ ಹಿಡಿದು 30 ಮಕ್ಕಳಿಗೂ ವಾರಗಟ್ಟಲೆ ಆ್ಯಂಟಿಬಯೊಟಿಕ್ ಹಾಕುತ್ತಾ ಕೂತರೆ? ನಡೆಯುತ್ತಿರುವುದು ಹೆಚ್ಚುಕಡಿಮೆ ಇದೇ.

ಎರಡನೇ ಪ್ರಶ್ನೆಗೆ ಶಾಸ್ತ್ರೋಕ್ತ ಉತ್ತರ ‘ಬ್ಲಡ್ ಕಲ್ಚರ್’. ಮಗುವಿನ ರಕ್ತವನ್ನು ಪೋಷಕಾಂಶ ತುಂಬಿದ ಸೀಸೆಗೆ ಹಾಕಿ ಬೆಚ್ಚಗೆ ಇಟ್ಟರೆ, ಬ್ಯಾಕ್ಟೀರಿಯಾ ಇದ್ದಲ್ಲಿ ಬೆಳೆದು ಕಾಣುತ್ತದೆ. ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದೂ ಆಮೇಲೆ ನೋಡಬಹುದು. ಹೇಳಲು ಸುಲಭ. ಒಂದೂವರೆ ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 120 ಮಿಲಿಲೀಟರ್. ಅದರಿಂದ ಕನಿಷ್ಠ ಒಂದು ಮಿಲಿಲೀಟರ್ ಬೇಕು, ಅದೂ ದಾರದಂಥ ರಕ್ತನಾಳದಿಂದ. ಆ ಒಂದು ಮಿಲಿಲೀಟರಿನಲ್ಲಿ ನಾಲ್ಕೈದೇ ಬ್ಯಾಕ್ಟೀರಿಯಾ ಇರಬಹುದು, ರಕ್ತ ಕಡಿಮೆ ತೆಗೆದರೆ ಅವೂ ಸಿಗಲಿಕ್ಕಿಲ್ಲ. ಚರ್ಮವನ್ನು ಸರಿಯಾಗಿ ಒರೆಸದಿದ್ದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬೆಳೆದು ದಾರಿ ತಪ್ಪಿಸುತ್ತದೆ. ಹೆರಿಗೆ ವೇಳೆ ತಾಯಿಗೋ ಆಸ್ಪತ್ರೆಗೆ ಬರುವ ಮೊದಲು ಮಗುವಿಗೋ ಆ್ಯಂಟಿಬಯೊಟಿಕ್ ಬಿದ್ದಿದ್ದರೆ, ನಂಜಿದ್ದರೂ ಸೀಸೆಯಲ್ಲಿ ಏನೂ ಬೆಳೆಯುವುದಿಲ್ಲ. ಊರ ಕ್ಲಿನಿಕ್ಕಿನಲ್ಲಿ ಒಂದು ಚುಚ್ಚುಮದ್ದು, ತಾಲ್ಲೂಕಿನಲ್ಲಿ ಇನ್ನೊಂದು, ಜಿಲ್ಲೆಯಲ್ಲಿ ಮತ್ತೊಂದು ಆಗಿ ಮಗು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ತಲುಪುವ ಹೊತ್ತಿಗೆ, ಅಲ್ಲಿನ ಒಳ್ಳೆಯ ಪ್ರಯೋಗಾಲಯವೂ ಕುರುಡಾಗಿರುತ್ತದೆ.

ಈ ಕುರುಡುತನ ಎಷ್ಟು ಆಳವಾದದ್ದು ಎಂಬುದನ್ನು ದಕ್ಷಿಣ ಏಷ್ಯಾದಲ್ಲಿ 2011ರಿಂದ 2014ರವರೆಗೆ ನಡೆದ ‘ಅನಿಸಾ’ ಎಂಬ ಅಧ್ಯಯನ ತೋರಿಸಿತು. ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ನಮ್ಮ ವೆಲ್ಲೂರು, ಒಡಿಶಾಗಳಲ್ಲಿ 63 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದರು. ‘ತೀವ್ರ ಸೋಂಕಿರಬಹುದು’ ಎನಿಸಿದ ಸುಮಾರು 6 ಸಾವಿರ ಪ್ರಸಂಗಗಳಲ್ಲಿ ಕಲ್ಚರಿನ ಜೊತೆಗೆ ಸೂಕ್ಷ್ಮಜೀವಿಗಳ ವಂಶವಾಹಿ ಹುಡುಕುವ ಪರೀಕ್ಷೆಯನ್ನೂ ಮಾಡಿದರು. ಕಾರಣ ಹೇಳಲು ಆದದ್ದು ಶೇ 28ರಷ್ಟು ಪ್ರಸಂಗಗಳಲ್ಲಿ ಮಾತ್ರ. ಬ್ಯಾಕ್ಟೀರಿಯಾದ ಪಾಲು ಶೇ 16, ವೈರಸ್ಸಿನದು ಶೇ 12. ವೈರಸ್ಸಿಗೆ ಆ್ಯಂಟಿಬಯೊಟಿಕ್ ನಾಟುವುದಿಲ್ಲ ಎಂಬುದು ಗೊತ್ತಿರುವ ವಿಷಯವೇ. ಉಳಿದವುಗಳಲ್ಲಿ ಎಷ್ಟೋ ಮಕ್ಕಳಿಗೆ ನಂಜೇ ಇರಲಿಲ್ಲವೇನೋ. ಹಾಗೆ ಖಚಿತವಾಗಿ ಹೇಳುವ ಪರೀಕ್ಷೆ ಯಾರ ಬಳಿಯೂ ಇರಲಿಲ್ಲ.

ಇಲ್ಲವೆನ್ನಲು ಆಗದಿರುವುದರ ಬೆಲೆ ದೆಹಲಿಯಲ್ಲಿ ಕಂಡಿತು. ಏಮ್ಸ್ ಸೇರಿದಂತೆ ಮೂರು ದೊಡ್ಡ ಆಸ್ಪತ್ರೆಗಳ ಶಿಶು ಘಟಕಗಳಿಗೆ ದಾಖಲಾದ 13,530 ಮಕ್ಕಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ನಂಜು ಎಂದು ಗುರುತಿಸಿದ್ದು ಶೇ 14.3 ಮಕ್ಕಳಲ್ಲಿ. ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದು ಶೇ 6.2ರಲ್ಲಿ. ಸಿಕ್ಕವುಗಳಲ್ಲಿ ಮೊದಲ ಸ್ಥಾನ ಅಸಿನೆಟೊಬ್ಯಾಕ್ಟರ್‌ನದು, ನಂತರ ಕ್ಲೆಬ್ಸಿಯೆಲ್ಲಾ, ಇ. ಕೊಲೈ. ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ 82ರಷ್ಟು ಹಲವು ಬಗೆಯ ಔಷಧಗಳಿಗೆ ಬಗ್ಗುವವಾಗಿರಲಿಲ್ಲ. ಮೂರರಲ್ಲಿ ಸುಮಾರು ಎರಡು ಪಾಲು ನಂಜು ಹುಟ್ಟಿದ 72 ಗಂಟೆಯೊಳಗೇ ಕಾಣಿಸಿತ್ತು. ಪಾಶ್ಚಾತ್ಯ ಪಠ್ಯಪುಸ್ತಕಗಳ ಪ್ರಕಾರ ಮೊದಲ ಮೂರು ದಿನದ ನಂಜು ತಾಯಿಯಿಂದ ಬರುವುದು, ಅಲ್ಲಿ ‘ಬಿ ಗುಂಪಿನ’ ಸ್ಟ್ರೆಪ್ಟೊಕಾಕಸ್ ಮುಖ್ಯ ಆರೋಪಿ. ನಮ್ಮಲ್ಲಿ ಆಸ್ಪತ್ರೆಯ ಗೋಡೆ, ನಲ್ಲಿ, ಕೈಗಳಲ್ಲಿ ಬದುಕುವ ಜೀವಿಗಳೇ ಮೊದಲ ದಿನದಿಂದ ಕಾಡುತ್ತಿವೆ. ಹಾಗಾಗಿ ಅಲ್ಲಿನ ಪುಸ್ತಕ ನೋಡಿ ಇಲ್ಲಿ ಔಷಧ ಆರಿಸುವುದು ಕಷ್ಟ. ಮುಂದೆ 11 ದೇಶಗಳ 19 ಆಸ್ಪತ್ರೆಗಳಲ್ಲಿ 3,200 ಮಕ್ಕಳನ್ನು ನೋಡಿದ ಇನ್ನೊಂದು ಅಧ್ಯಯನ 2023ರಲ್ಲಿ ಬಂತು. ವೈದ್ಯರು ಬಳಸಿದ್ದ ಆ್ಯಂಟಿಬಯೊಟಿಕ್ ಜೋಡಣೆಗಳ ಸಂಖ್ಯೆ ಇನ್ನೂರಕ್ಕೂ ಹೆಚ್ಚು! ಕತ್ತಲಲ್ಲಿ ಕೈಯಾಡಿಸುವುದೆಂದರೆ ಇದು.

ಅನಗತ್ಯ ಔಷಧ ಸುಮ್ಮನೆ ವ್ಯರ್ಥವಾಗಿ ಹೋಗುವುದಿಲ್ಲ. ಹೊಟ್ಟೆಯಲ್ಲಿ ಆಗಷ್ಟೇ ನೆಲೆಯೂರುತ್ತಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಳಿಸುತ್ತದೆ, ದಿನ ತುಂಬದ ಮಕ್ಕಳಲ್ಲಿ ಕರುಳು ಕೊಳೆಯುವ ರೋಗಕ್ಕೂ ಶಿಲೀಂಧ್ರ ಸೋಂಕಿಗೂ ದಾರಿ ಮಾಡುತ್ತದೆ, ತಾಯಿಯ ಎದೆಯಿಂದ ಮಗುವನ್ನು ದಿನಗಟ್ಟಲೆ ದೂರ ಇಡುತ್ತದೆ. ಘಟಕದಲ್ಲಿ ಔಷಧಕ್ಕೆ ಬಗ್ಗದ ತಳಿಯನ್ನು ಬೆಳೆಸಿ, ಪಕ್ಕದ ತೊಟ್ಟಿಲಿನ ನಿಜವಾದ ರೋಗಿಗೆ ಔಷಧವಿಲ್ಲದಂತೆ ಮಾಡುತ್ತದೆ. ಹಳ್ಳಿಯಲ್ಲಿ ಗುರುತಿಸದೆ ಸಾಯುವ ಮಗುವೂ ನಗರದ ಘಟಕದಲ್ಲಿ ಔಷಧ ನಾಟದೆ ಸಾಯುವ ಮಗುವೂ ಒಂದೇ ಕೊರತೆಯ ಎರಡು ತುದಿಗಳು.

ಪತ್ತೆಯ ಗೊಡವೆಯೇ ಬೇಡ, ಎಲ್ಲರಿಗೂ ಮುಂಚಿತವಾಗಿ ಔಷಧ ಕೊಟ್ಟುಬಿಟ್ಟರೆ? ಆ ಒಳದಾರಿಯನ್ನೂ ಪರೀಕ್ಷಿಸಿ ನೋಡಿದ್ದಾರೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಭಾಗವಹಿಸಿದ್ದ ಏಳು ದೇಶಗಳ ಪ್ರಯೋಗದಲ್ಲಿ 29,278 ಗರ್ಭಿಣಿಯರಿಗೆ ಹೆರಿಗೆ ನೋವಿನ ವೇಳೆ ಒಂದು ಡೋಸ್ ಅಜಿತ್ರೊಮೈಸಿನ್ ಅಥವಾ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ತಾಯಂದಿರಲ್ಲಿ ನಂಜು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಬಾಣಂತಿಯರ ಮಟ್ಟಿಗೆ ದೊಡ್ಡ ಲಾಭವೇ. ಮಕ್ಕಳ ವಿಷಯದಲ್ಲಿ ನಿರ್ಜೀವ ಜನನ, ನಂಜು, ಸಾವು ಎಲ್ಲ ಸೇರಿ ಒಂದು ಕಡೆ ಶೇ 10.5, ಇನ್ನೊಂದು ಕಡೆ ಶೇ 10.3. ವ್ಯತ್ಯಾಸವೇ ಇಲ್ಲ. ತಾಯಿಗೆ ಕೊಟ್ಟ ಮಾತ್ರೆ ಮಗುವನ್ನು ಕಾಯಲಿಲ್ಲ. ಔಷಧವಿಲ್ಲದ ಇನ್ನೊಂದು ದಾರಿ ಮಾತ್ರ ಫಲ ಕೊಟ್ಟಿದೆ: ಕಡಿಮೆ ತೂಕದ ಮಗುವನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವ ಕಾಂಗರೂ ಆರೈಕೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದು ಸಾವನ್ನು ಶೇ 25ರಷ್ಟು ಇಳಿಸಿತು, ಶಂಕಿತ ನಂಜೂ ಕಡಿಮೆಯಾಯಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಈ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಗೆ ಬೇರೂರಿಸುವ ಕೆಲಸ ಮಾಡಿದ್ದಾರೆ. ತಡೆಯುವುದು ತಡೆಯುವುದೇ. ಆದರೂ ಮಂಕಾದ ಮಗು ಎದುರಿಗಿರುವಾಗ ಪ್ರಶ್ನೆ ಮತ್ತೆ ಅಲ್ಲೇ ನಿಲ್ಲುತ್ತದೆ: ನಂಜೇ, ಅಲ್ಲವೇ?

ಹಾಗಾದರೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ತಾಲ್ಲೂಕು ಮಟ್ಟದಲ್ಲಿ ಏನು ಮಾಡಬಹುದು? ನಾಳೆ ಬರಲಿರುವ ಪವಾಡದ ಯಂತ್ರಕ್ಕೆ ಕಾಯಬೇಕಿಲ್ಲ. ನಮ್ಮ ಮಕ್ಕಳ ವೈದ್ಯರು ದಶಕಗಳಿಂದ ಬಳಸುತ್ತಿರುವ ‘ಸೆಪ್ಸಿಸ್ ಸ್ಕ್ರೀನ್’ ಇದೆ: ಬಿಳಿ ರಕ್ತಕಣಗಳ ಎಣಿಕೆ, ಅವುಗಳಲ್ಲಿ ಎಳೆಯವೆಷ್ಟು ಬಲಿತವೆಷ್ಟು ಎಂಬ ಪ್ರಮಾಣ, ಸಿಆರ್‌ಪಿ ಎಂಬ ಪ್ರೋಟೀನಿನ ಮಟ್ಟ, ಮೈಕ್ರೋ ಇಎಸ್‌ಆರ್. ಈ ಕೊನೆಯದನ್ನು ಮಾಡಲು ಬೇಕಾಗುವುದು ಒಂದು ಸಣ್ಣ ಗಾಜಿನ ಕೊಳವೆ ಮತ್ತು ಒಂದು ಗಂಟೆಯ ತಾಳ್ಮೆ. ಹಿಮ್ಮಡಿಯ ಹನಿ ರಕ್ತವನ್ನು ಕೊಳವೆಗೆಳೆದು ನೇರ ನಿಲ್ಲಿಸಿ, ಗಂಟೆಯಲ್ಲಿ ಕಣಗಳು ಎಷ್ಟು ಮಿಲಿಮೀಟರ್ ಇಳಿದವು ಎಂದು ನೋಡುವುದು. 15 ದಾಟಿದರೆ ಸಂಶಯ. ಇವುಗಳಲ್ಲಿ ಯಾವುದೊಂದೂ ನಂಬಲರ್ಹ ಸಾಕ್ಷಿಯಲ್ಲ. ಸಿಆರ್‌ಪಿ ಏರಲು ಸೋಂಕು ಶುರುವಾಗಿ ಹಲವು ಗಂಟೆಗಳೇ ಬೇಕು, ಆದ್ದರಿಂದ ಮೊದಲ ವರದಿ ಸರಿಯಿದೆ ಎಂದು ಮಗುವನ್ನು ಮನೆಗೆ ಕಳಿಸುವಂತಿಲ್ಲ. ಆದರೆ ಒಂದು ದಿನದ ಅಂತರದಲ್ಲಿ ಎರಡು ಸಲ ಮಾಡಿದಾಗಲೂ ಅದು ಏರದಿದ್ದರೆ, ಮಗುವೂ ಚೇತರಿಸಿಕೊಂಡು ಹಾಲು ಕುಡಿಯುತ್ತಿದ್ದರೆ, ನಂಜು ಇರುವ ಸಂಭವ ತೀರಾ ಕಡಿಮೆ. ಅಂದರೆ ಈ ಅಗ್ಗದ ಪರೀಕ್ಷೆಗಳ ನಿಜವಾದ ಬಲ ‘ಹೌದು’ ಎನ್ನುವುದರಲ್ಲಿಲ್ಲ, ‘ಅಲ್ಲ’ ಎನ್ನುವುದರಲ್ಲಿದೆ. ನಾವು ಅವುಗಳನ್ನು ಔಷಧ ಆರಂಭಿಸಲು ಬಳಸುತ್ತೇವೆ, ನಿಲ್ಲಿಸಲು ಬಳಸುವುದು ಅಪರೂಪ.

ಕಲ್ಚರಿನ ವಿಷಯದಲ್ಲೂ ಹೀಗೇ. ಪ್ರಯೋಗಾಲಯ ಪ್ರತಿ ತಾಲ್ಲೂಕಿನಲ್ಲಿ ಇರಬೇಕೆಂದಿಲ್ಲ, ಸೀಸೆ ಇದ್ದರೆ ಸಾಕು. ಮೊದಲ ಚುಚ್ಚುಮದ್ದಿಗೆ ಮೊದಲು ರಕ್ತ ತೆಗೆದು ಸೀಸೆಗೆ ಹಾಕಿ, ಫ್ರಿಜ್ಜಿನಲ್ಲಿಡದೆ, ಅದೇ ದಿನ ಜಿಲ್ಲಾ ಕೇಂದ್ರಕ್ಕೆ ತಲುಪಿಸುವ ವ್ಯವಸ್ಥೆ ಬೇಕು. ಕ್ಷಯದ ಕಫದ ಮಾದರಿಗಳು ಹಳ್ಳಿಯಿಂದ ಹೀಗೆ ಸಾಗುವ ಪರಿಪಾಠ ನಮ್ಮಲ್ಲಿ ಇದ್ದೇ ಇದೆ. ಹಾಗೆಂದು ಮಗುವಿನ ಔಷಧ ವರದಿಗಾಗಿ ಕಾಯಬಾರದು. ರಕ್ತ ತೆಗೆದ ಮರುಕ್ಷಣವೇ ಚುಚ್ಚುಮದ್ದು ಬೀಳಬೇಕು. ವರದಿ ಬರುವುದು ಮುಂದುವರಿಸಬೇಕೇ ಎಂದು ತೀರ್ಮಾನಿಸಲು. ಬ್ರಿಟನ್ನಿನ ಮಾರ್ಗಸೂಚಿ 36 ಗಂಟೆಗೆ ಕಲ್ಚರಿನಲ್ಲಿ ಏನೂ ಬೆಳೆಯದೆ, ಮಗು ಚೆನ್ನಾಗಿದ್ದು, ಸಿಆರ್‌ಪಿಯೂ ನೆಮ್ಮದಿ ಕೊಡುವಂತಿದ್ದರೆ ಔಷಧ ನಿಲ್ಲಿಸುವುದನ್ನು ಯೋಚಿಸಿ ಎನ್ನುತ್ತದೆ. ನಮ್ಮಲ್ಲಿ ವರದಿ ತಡವಾಗಿ ಬಂದರೆ ಕೋರ್ಸ್ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಗಂಟೆಯೊಳಗೆ ಉತ್ತರ ಕೊಡುವ ಯಂತ್ರವೂ ಬರಬೇಕು, ಅನುಮಾನವಿಲ್ಲ. ಅದು ಅಸಾಧ್ಯವೂ ಅಲ್ಲ. ಕ್ಷಯಕ್ಕೆ ಇಂಥದ್ದು ಬಂದಿದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಮತ್ತು ಗೋವಾದ ಮೋಲ್‌ಬಯೋ ಸೇರಿ ತಯಾರಿಸಿದ ‘ಟ್ರೂನ್ಯಾಟ್’ ಬ್ಯಾಟರಿಯಲ್ಲೂ ನಡೆಯುತ್ತದೆ, ಹವಾನಿಯಂತ್ರಿತ ಕೋಣೆ ಕೇಳುವುದಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ಹಸುಗೂಸಿನ ನಂಜಿಗೆ ಅಂಥ ಸಾಧನ ಮಾಡುವುದು ಹೆಚ್ಚು ಕಷ್ಟ, ಏಕೆಂದರೆ ಕ್ಷಯದಲ್ಲಿ ಹುಡುಕಬೇಕಾದದ್ದು ಒಂದೇ ಬ್ಯಾಕ್ಟೀರಿಯಾವನ್ನು, ಅದೂ ಬೇಕಾದಷ್ಟು ಸಿಗುವ ಕಫದಲ್ಲಿ. ಇಲ್ಲಿ ಹತ್ತಾರು ಬಗೆಯ ಜೀವಿಗಳು, ಅವು ಅಡಗಿರುವುದು ಒಂದೇ ಒಂದು ಮಿಲಿಲೀಟರ್ ರಕ್ತದಲ್ಲಿ. ಆದರೂ ಈ ಸವಾಲು ಶ್ರೀಮಂತ ದೇಶಗಳ ಕಂಪನಿಗಳ ಆದ್ಯತೆಯಾಗುವುದು ಕಷ್ಟ. ಅಲ್ಲಿ ದೊಡ್ಡ ಪ್ರಯೋಗಾಲಯ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಇರುತ್ತದೆ. ಅಗತ್ಯ ಇರುವುದು ಇಲ್ಲಿ, ಎಂಜಿನಿಯರುಗಳೂ ಇಲ್ಲಿದ್ದಾರೆ. ಗೌರಿಬಿದನೂರಿನಿಂದ ಬೆಂಗಳೂರು ಎರಡು ಗಂಟೆಯ ಹಾದಿ.

ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಎಚ್. ನರಸಿಂಹಯ್ಯ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ ದೇಶದ ಗಮನ ಸೆಳೆದವರು. ಪ್ರಶ್ನೆ ಕೇಳುವುದನ್ನು ಅವರು ಹುಟ್ಟೂರಿನ ಸೀಮೆಗೆ ಆಸ್ತಿಯಾಗಿ ಬಿಟ್ಟುಹೋಗಿದ್ದಾರೆ. ಬಾಲಗ್ರಹವೆಂದು ತಾಯಿತ ಕಟ್ಟುವವರನ್ನು ಮಾತ್ರ ಪ್ರಶ್ನಿಸಿದರೆ ಆ ಆಸ್ತಿಯನ್ನು ಅರ್ಧ ಬಳಸಿದಂತೆ. ಪುರಾವೆಯಿಲ್ಲದೆ ಹತ್ತು ದಿನ ಆ್ಯಂಟಿಬಯೊಟಿಕ್ ಬರೆಯುವ ಪದ್ಧತಿಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಕೇಳಬೇಕಾದದ್ದು ಒಬ್ಬ ವೈದ್ಯರನ್ನಲ್ಲ, ವ್ಯವಸ್ಥೆಯನ್ನು.

ಕೇಳಲು ಜಾಗವೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ತಾಲ್ಲೂಕು ಆಸ್ಪತ್ರೆಗಳಿಗೂ ಆರೋಗ್ಯ ರಕ್ಷಾ ಸಮಿತಿ ಇದೆ, ಅದರಲ್ಲಿ ಜನಪ್ರತಿನಿಧಿಗಳು ಕೂರುತ್ತಾರೆ. ಮುಂದಿನ ಸಭೆಯಲ್ಲಿ ಅವರು ಬಣ್ಣ, ಬಲ್ಬು, ಕಾಂಪೌಂಡಿನ ಚರ್ಚೆ ಮುಗಿಸಿದ ಮೇಲೆ ಮೂರು ಲೆಕ್ಕ ಕೇಳಲಿ. ತವರಿಗೆ ಬಂದ ಬಾಣಂತಿಯರನ್ನೂ ಸೇರಿಸಿ, ಕಳೆದ ತಿಂಗಳು ಹುಟ್ಟಿದ ಮಕ್ಕಳಲ್ಲಿ ಎಷ್ಟನ್ನು ಮೂರನೇ ಮತ್ತು ಏಳನೇ ದಿನ, ಕೆಲಸ ಮಾಡುವ ಥರ್ಮಾಮೀಟರ್ ಕೈಯಲ್ಲಿಟ್ಟುಕೊಂಡು ನೋಡಲಾಯಿತು? ನಂಜೆಂದು ದಾಖಲಾದ ಮಕ್ಕಳಲ್ಲಿ ಎಷ್ಟು ಜನರ ರಕ್ತವನ್ನು ಮೊದಲ ಚುಚ್ಚುಮದ್ದಿಗೆ ಮೊದಲು ತೆಗೆದರು, ವರದಿ ಎಷ್ಟು ಗಂಟೆಗೆ ಬಂತು? ನಂಜಿಲ್ಲವೆಂದು ತಿಳಿದು ಎಷ್ಟು ಮಕ್ಕಳ ಔಷಧ ನಿಲ್ಲಿಸಿದರು? ಮೊದಲನೆಯದಕ್ಕೆ ಆಶಾ ಪುಸ್ತಕದಲ್ಲಿ ಅಷ್ಟಿಷ್ಟು ಉತ್ತರ ಸಿಗಬಹುದು. ಉಳಿದೆರಡನ್ನು ಬರೆದಿಡಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲದಿದ್ದರೆ ಗೆರೆ ಎಳೆದು ಸೇರಿಸಬಹುದು, ಅದಕ್ಕೆ ಟೆಂಡರ್ ಬೇಕಿಲ್ಲ. ಹೊಸ ಯಂತ್ರ ಬಂದ ದಿನವೂ, ಆ ಕಾಲಂಗಳನ್ನು ತುಂಬುವ ಅಭ್ಯಾಸವಿದ್ದ ಆಸ್ಪತ್ರೆಯಲ್ಲಿ ಅದು ಮಕ್ಕಳನ್ನು ಉಳಿಸುತ್ತದೆ. ಉಳಿದ ಕಡೆ ಅದು ಬೀರುವಿನಲ್ಲಿ ಉಳಿಯುತ್ತದೆ.